ಎರಡೂ ಕಾಗದಕ್ಕೆ ಸಹಿ

ಕಿಟಕಿಯ ಪಕ್ಕ ಕೂತರೆ ಇಷ್ಟೊಂದು ಗಾಳಿ ಬಡಿಯುತ್ತದೆಂದು ಮರೆತೇ ಹೋಗಿತ್ತು, ಸೆರಗು ಹೆಗಲ ಮೇಲೆ ನಿಲ್ಲುವುದಿಲ್ಲ, ಕಣ್ಣಲ್ಲಿ ಧೂಳು, ಹನ್ನೊಂದು ವರ್ಷದಿಂದ ಈ ಧಾರವಾಡ–ಹುಬ್ಬಳ್ಳಿ ಬಸ್ಸಿನಲ್ಲಿ ಕಿಟಕಿ ಕಲ್ಲೇಶನದು, ನಾನು ಯಾವಾಗಲೂ ಈಚೆ, ಕಂಡಕ್ಟರನ ಚೀಲ ಭುಜಕ್ಕೆ ತಾಕುವ ಕಡೆ, ಇವತ್ತು ಆ ಜಾಗದಲ್ಲಿ ಯಾರೋ ಹೆಂಗಸು ಮೆಂತ್ಯ ಸೊಪ್ಪಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದಾಳೆ, ಸೊಪ್ಪಿನ ಹಸಿ ವಾಸನೆ ನನ್ನ ಸೀರೆಗೂ ಹತ್ತುತ್ತಿದೆ — ಕಲ್ಲೇಶ ಧಾರವಾಡದಲ್ಲೇ ಉಳಿದ, ರೊಟ್ಟಿ ಮಾಡುವ ದುರ್ಗಾಳ ಜೊತೆ ಸಂಜೆಯ ಬಸ್ಸಿಗೆ ಬರುತ್ತಾನಂತೆ, ಅವನೇ ಹೇಳಿದ, ಅಕ್ಕಾ ನೀ ಮುಂದ ನಡಿ, ನಾ ಸಂಜಿಕೆ ಬರ್ತೇನಿ ಎಂದ, ಹೇಳಿದ, ಕೇಳಲಿಲ್ಲ. ಮೂವತ್ತೈದು ವರ್ಷದ ಗಂಡಸು ಸಂಜೆಯ ಬಸ್ಸಿಗೆ ಬರುವುದರಲ್ಲಿ ಏನಿದೆ, ಏನೂ ಇಲ್ಲ, ಆದರೆ ನಾಲ್ಕು ವರ್ಷದವನಿದ್ದಾಗ ಜ್ವರ ತಲೆಗೇರಿ ಬುದ್ಧಿ ಅಲ್ಲಿಗೇ ನಿಂತಿತು ಎಂದು ಎಲ್ಲರೂ ಹೇಳುವ ಕಲ್ಲೇಶ, ನಾನಿಲ್ಲದೆ ಬಸ್ಸು ಹತ್ತಿದವನಲ್ಲ, ಇವತ್ತೂ ಒಬ್ಬನೇ ಹತ್ತುವುದಿಲ್ಲವಲ್ಲ, ಅವಳಿದ್ದಾಳೆ, ಇನ್ನು ಇದ್ದೇ ಇರುತ್ತಾಳೆ. ರಾಯಾಪುರ ದಾಟಿತೇನೋ. ಚೀಲ ಎಲ್ಲಿ, ಇಲ್ಲಿದೆ, ಕಾಲಿನ ನಡುವೆ, ಬೆಳಿಗ್ಗೆ ಇದರಲ್ಲಿ ಎರಡು ಕಾಗದ ಇದ್ದವು, ಈಗ ಒಂದೇ ಇದೆ, ಅದನ್ನು ಅಲ್ಲೇ ಹರಿದು ಬರಬೇಕಿತ್ತು, ಯಾಕೆ ಹರಿಯಲಿಲ್ಲ, ಮಡಿಸಿ ಯಾಕೆ ಇಟ್ಟುಕೊಂಡೆ. ವೆಂಕಣ್ಣ ಮಾಸ್ತರರು ಕೊಟ್ಟದ್ದು ಎರಡೂ, ಮೊನ್ನೆ ರವಿವಾರ, ಮಾಳಮಡ್ಡಿಯ ಅವರ ಮನೆಯ ಪಡಸಾಲೆಯಲ್ಲಿ, ಕಣ್ಣಿನ ಆಪರೇಶನ್ನಿಗೆಂದು ಪುಣೆಯ ಮಗಳ ಮನೆಗೆ ಹೊರಟಿದ್ದರು, ರಿಕ್ಷಾ ಬಾಗಿಲಲ್ಲಿ ನಿಂತಿತ್ತು, ಅವರೂ ನನ್ನ ಹಾಗೆ ಟ್ರಸ್ಟಿ, ನನ್ನ ಚಿಕ್ಕಪ್ಪ ಶಿದ್ದಪ್ಪ ಕಾಕಾನ ಜೊತೆ ಸಾಲಿ ಕಲಿತವರು, ಕಾಕಾ ಸಾಯುವಾಗ ಉಯಿಲಿನಲ್ಲಿ ಬರೆಸಿದ್ದು ನಮ್ಮಿಬ್ಬರ ಹೆಸರನ್ನೇ, ಹೊಲ ಮನೆ ದುಡ್ಡು ಎಲ್ಲ ಮಗ ಕಲ್ಲೇಶನದು, ನೋಡಿಕೊಳ್ಳುವ ಕೈ ನಮ್ಮದು. ಒಂದು ಕಾಗದದಲ್ಲಿ ಕಲ್ಲೇಶನ ಲಗ್ನಕ್ಕೆ ಟ್ರಸ್ಟಿಗಳ ಒಪ್ಪಿಗೆ ಇದೆ ಎಂದು, ಇನ್ನೊಂದರಲ್ಲಿ ಇಲ್ಲ ಎಂದು, ಎರಡರ ಕೆಳಗೂ ಮಾಸ್ತರರ ಅದೇ ನಡುಗುವ ಸಹಿ. ಇದೇನ್ರಿ ಮಾಸ್ತರ ಎಂದೆ. ಅವನ ಜೋಡಿ ಇರೋಕಿ ನೀನು ಸಾವಕ್ಕಾ, ದೂರ ಕೂತ ನನಗೇನು ಗೊತ್ತಾಗ್ತದ, ನಿನಗ ಯಾವುದು ಖರೇ ಅನಸ್ತದ ಅದಕ್ಕ ನಿನ್ನ ಸಹಿ ಹಾಕು, ಇನ್ನೊಂದು ಹರಿದು ಒಗಿ, ಎಂದು ಕೋಲು ಊರಿಕೊಂಡು ರಿಕ್ಷಾ ಹತ್ತಿದರು. ದೊಡ್ಡವರು ಭಾರ ಇಳಿಸಿಕೊಳ್ಳುವುದು ಹೀಗೆ. ಅವರಿಗೆ ಗೊತ್ತಿತ್ತೇ, ಗೊತ್ತಿದ್ದೇ ಕೊಟ್ಟರೇ, ನನಗೆ ಯಾವುದು ಖರೆ ಅನ್ನಿಸುತ್ತದೆ ಎನ್ನುವುದಕ್ಕಿಂತ ನನಗೆ ಯಾವುದು ಬೇಕು ಎನ್ನುವುದು.

ನವನಗರ, ಇಳಿಯುವವರ ಗದ್ದಲ, ಮತ್ತೆ ಬಸ್ಸು ಹೊರಟಿತು, ಅಮರಗೋಳದ ಮಾರ್ಕೆಟ್ ಯಾರ್ಡು ಬಂದ ಹಾಗೆ ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು, ಪಕ್ಕದವಳು ನಿದ್ದೆಯಲ್ಲೇ ಸೀನಿದಳು, ಕಾಕಾನ ದಲಾಲಿ ಅಂಗಡಿ ಇದ್ದದ್ದು ಇಲ್ಲೇ, ಅಂಗಿಯ ತೋಳಿನಲ್ಲಿ, ಕರವಸ್ತ್ರದಲ್ಲಿ, ಮನೆಯ ಬಚ್ಚಲಿನಲ್ಲಿ ಕೂಡ ಇದೇ ಘಾಟು, ಅವನು ತೀರಿಕೊಂಡ ಮೇಲೂ ವರ್ಷಾನುಗಟ್ಟಲೆ ಅವನ ಕೋಟು ಝಾಡಿಸಿದರೆ ನನಗೆ ಸೀನು ಬರುತ್ತಿತ್ತು. ತೊಂಬತ್ತೆರಡರ ದೀಪಾವಳಿ ಮುಗಿದಿತ್ತು, ಅಂಗಳದ ಹಣತೆಗಳನ್ನು ಇನ್ನೂ ಎತ್ತಿಟ್ಟಿರಲಿಲ್ಲ, ಕಾಕಾ ಹಾಸಿಗೆಯಲ್ಲಿ, ಕಾಲು ಬಾತಿದ್ದವು, ಉಯಿಲು ಓದಿಸಿ ಎಲ್ಲರನ್ನೂ ಹೊರಗೆ ಕಳಿಸಿ ನನ್ನನ್ನು ಮಾತ್ರ ಕರೆದ. ಎಲ್ಲಾರೂ ಏನರೆ ಕೇಳಿದ್ರು, ನೀ ಏನೂ ಕೇಳ್ಲಿಲ್ಲ ಸಾವಕ್ಕಾ, ಅದಕ್ಕ ನಿನ್ನ ಕೈಯಾಗ ಕೊಡಾಕತ್ತೇನಿ, ಅವನ ಹಿತ ನೋಡು. ನಾನು ಕೇಳದಿದ್ದದ್ದು ಹೆದರಿ ಕಾಕಾ, ಒಳ್ಳೆಯತನದಿಂದಲ್ಲ, ಕೇಳಿದರೆ ಇರುವುದೂ ಹೋದೀತೆಂದು, ಅದನ್ನು ಆಗಲೇ ಹೇಳಬೇಕಿತ್ತು, ನಿನ್ನ ಕಾಲು ಒತ್ತುತ್ತ ಕೂತೆನೇ ಹೊರತು ಹೇಳಲಿಲ್ಲ. ಗಂಡ ತೀರಿಕೊಂಡ ಮೇಲೆ ಉಪ್ಪಿನಬೆಟಗೇರಿಯಲ್ಲಿ ಅಣ್ಣ ಹನಮೇಶನ ಮನೆಯಲ್ಲಿ ನಾಲ್ಕು ತಿಂಗಳಿದ್ದೆ, ಒಂದು ದಿನ ಅವನ ಹೆಂಡತಿ, ವೈನಿ, ನನ್ನ ತಾಟು ಲೋಟ ತೊಳೆದು ಬೇರೆ ಕಡೆ ಇಟ್ಟಳು, ಅಣ್ಣ ಎಲೆ ಅಡಿಕೆ ಹಾಕಿಕೊಳ್ಳುತ್ತ ಎದ್ದು ಹೋದ, ಮರುದಿನ ಒಂದು ಟ್ರಂಕು ಹಿಡಿದು ದೇಶಪಾಂಡೆ ನಗರದ ಕಾಕಾನ ಮನೆಗೆ ಬಂದೆ. ತಾಯಿಯಿಲ್ಲದ ಕಲ್ಲೇಶ ಬಾಗಿಲು ತೆರೆದ, ಟ್ರಂಕನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಒಯ್ದ, ಎಲ್ಲಿಡಬೇಕೆಂದು ಕೇಳಲಿಲ್ಲ, ತನ್ನ ಮಂಚದ ಕೆಳಗೇ ತಳ್ಳಿದ. ಆ ಮನೆ ನನಗೆ ಕೊಟ್ಟದ್ದು ಉಯಿಲಿನ ಒಂದು ಸಾಲು, ಕಣ್ಣು ಮುಚ್ಚಿದರೂ ಓದುತ್ತೇನೆ — ಸಾವಕ್ಕ ಇವಳು ಕಲ್ಲೇಶನ ನಿಗಾ ನೋಡಿಕೊಂಡಿರುವ ತನಕ ಸದರಿ ಮನೆಯಲ್ಲಿ ವಾಸಿಸತಕ್ಕದ್ದು, ಕಲ್ಲೇಶನಿಗೆ ಲಗ್ನವಾದಲ್ಲಿ ಆ ದಿನದಿಂದ ಅವಳ ವಾಸದ ಹಕ್ಕು ಮುಗಿಯತಕ್ಕದ್ದು. ಲಗ್ನಕ್ಕೆ ಇಬ್ಬರೂ ಟ್ರಸ್ಟಿಗಳು ಬರಹದಲ್ಲಿ ಒಪ್ಪಬೇಕು, ಒಪ್ಪದೆ ಆದರೆ ಬಂದವಳಿಗೆ ಆ ಮನೆಯಲ್ಲಿ ಕಾಲಿಡುವ ಹಕ್ಕಿಲ್ಲ. ಇಂಥ ಮಗನಿಗೆ ಯಾರು ಹೆಣ್ಣು ಕೊಡುತ್ತಾರೆಂದು ಕಾಕಾ ಅದನ್ನು ಸುಮ್ಮನೆ ಬರೆಸಿದ, ನಾನೂ ಸುಮ್ಮನೆ ಓದಿದೆ, ಹನ್ನೊಂದು ವರ್ಷ ಅವನ ಹಿತವೂ ನನ್ನ ಹಿತವೂ ಒಂದೇ ಮಾಳಿಗೆಯ ಕೆಳಗೆ ಮಲಗಿ ಎದ್ದವು, ಯಾವುದು ಯಾವುದೆಂದು ಬೇರೆ ಮಾಡಿ ನೋಡುವ ಪ್ರಸಂಗವೇ ಬರಲಿಲ್ಲ. ನಾನು ಕೆಟ್ಟದ್ದು ಮಾಡಿಲ್ಲ, ಅವನ ಉಗುರು ಕತ್ತರಿಸಿದ್ದೇನೆ, ಕಾಮಾಲೆ ಆದಾಗ ಇಪ್ಪತ್ತೆರಡು ದಿನ ಎಣ್ಣೆ ಮುಟ್ಟದೆ ಅವನ ಜೊತೆ ಸಪ್ಪೆ ಉಂಡಿದ್ದೇನೆ, ಹೊಲದ ಲಾವಣಿಯ ಗೇಣಿ ದುಡ್ಡಿನಲ್ಲಿ ಒಂದು ರೂಪಾಯಿ ಆಚೆ ಈಚೆ ಮಾಡಿಲ್ಲ, ಹನಮೇಶ ಎರಡು ಎಕರೆ ತನ್ನ ಹೆಸರಿಗೆ ಮಾಡಿಕೊಡೆಂದು ಕೇಳಿದಾಗ ಅಣ್ಣನೆಂದು ನೋಡದೆ ಕಳಿಸಿದ್ದೇನೆ, ಯಾರು ಬೇಕಾದರೂ ಬಂದು ಕೇಳಲಿ.

ರೊಟ್ಟಿ ತರಲು ಅವನನ್ನು ಕಳಿಸಿದವಳು ನಾನೇ. ಮೊಣಕಾಲು ನೋವು, ಒಲೆಯ ಮುಂದೆ ಕೂತು ತಟ್ಟಲಾಗುವುದಿಲ್ಲ, ರೈಲ್ವೆ ಗೇಟಿನ ಆಚೆ ದುರ್ಗಾ ಎನ್ನುವವಳು ಜೋಳದ ರೊಟ್ಟಿ ಮಾಡಿ ಎರಡು ಖಾನಾವಳಿಗಳಿಗೆ ಕೊಡುತ್ತಾಳೆ, ನಮಗೂ ದಿನಕ್ಕೆ ಹತ್ತು ಕೊಡಲಿ ಎಂದೆ, ಕಲ್ಲೇಶ ಹೋಗಿ ಬರಲಿ, ದಾರಿ ನೇರ ಇದೆ ಎಂದೆ. ಹತ್ತು ನಿಮಿಷದ ದಾರಿಗೆ ಒಂದು ತಾಸು, ಆಮೇಲೆ ಎರಡು, ಎಲ್ಲಿದ್ದಿ ಎಂದರೆ ರೊಟ್ಟಿ ಎಂದಷ್ಟೇ ಹೇಳುತ್ತಿದ್ದ. ಒಂದು ದಿನ ಊಟಕ್ಕೆ ಕೂತವನು ಬುಟ್ಟಿಯೊಳಗಿನ ರೊಟ್ಟಿಯನ್ನು ಒಂದೊಂದೇ ಎತ್ತಿ ಎಣಿಸಿದ, ಹತ್ತರ ಮೇಲೆ ಒಂದಿದೆ, ಹನ್ನೊಂದು, ದುರ್ಗಾ ತಪ್ಪಿ ಕೊಟ್ಟಾಳ ಎಂದ. ಹುಣಸೆ ಬೀಜ ಹರವಿಕೊಂಡು ಎಷ್ಟು ಮಳೆಗಾಲ ಕೂತಿದ್ದೆ ಅವನ ಮುಂದೆ, ಏಳರಾಚೆ ಹೋಗುತ್ತಿರಲಿಲ್ಲ, ಆಮೇಲೆ ನಾನೇ ಕೈಬಿಟ್ಟೆ, ಎಣಿಕೆ ಬರುವುದಿಲ್ಲ ಎಂದು ವಕೀಲರಿಗೆ ವರ್ಷಕ್ಕೊಮ್ಮೆ ಬರೆದುಕೊಡುವ ವರದಿಯಲ್ಲಿ ಬರೆಯುತ್ತಲೇ ಹೋದೆ. ಎಷ್ಟರ ತನಕ ಬರ್ತೈತಿ ಎಂದು ಕೇಳಿದೆ. ಎರಡ ನೂರು, ದಿನಾ ಎರಡ ನೂರು ಮಾಡ್ತಾಳಲ್ಲ ಎಂದ. ಖುಷಿ ಆಗಬೇಕಿತ್ತು, ಯಾರಿಗಾದರೂ ಆಗುತ್ತಿತ್ತು, ನಾನು ಎದ್ದು ಹೋಗಿ ಬಚ್ಚಲಲ್ಲಿ ಮುಖ ತೊಳೆದುಕೊಂಡೆ. ಅದಾಗಿ ಎರಡು ತಿಂಗಳಿಗೆ ಲಗ್ನದ ಮಾತು, ಅದೂ ಅವನೇ ಎತ್ತಿದ್ದು, ಅಕ್ಕಾ ದುರ್ಗಾನ್ನ ಮಾಡ್ಕೋತೇನಿ. ಮರುದಿನವೇ ಅವಳ ಮನೆಗೆ ಹೋದೆ, ಮನೆಯಲ್ಲ, ತಗಡಿನ ಒಂದು ಖೋಲಿ, ಗೋಡೆಯೆಲ್ಲ ಹೊಗೆ ಹಿಡಿದು ಕಪ್ಪು, ಮೂವತ್ಮೂರರ ಹೆಂಗಸು, ಮೂರು ವರ್ಷ ಸಂಸಾರ ಮಾಡಿ ಮಕ್ಕಳಾಗಲಿಲ್ಲವೆಂದು ಗಂಡ ಬಿಟ್ಟವಳು, ಮುಂಗೈ ತನಕ ಹಿಟ್ಟು, ನನ್ನನ್ನು ನೋಡಿ ಏಳಲಿಲ್ಲ, ರೊಟ್ಟಿ ಹೊತ್ತುತ್ತದೆಂದು ಒಂದು ಮಣೆ ನನ್ನ ಕಡೆ ಸರಿಸಿದಳು. ಬೆದರಿಸುವುದಕ್ಕೇ ಹೋಗಿದ್ದೆ. ಖರೇ ಹೇಳು, ನಿನಗ ಅವ ಬೇಕೋ ಮನಿ ಬೇಕೋ ಎಂದೆ. ಅಳುತ್ತಾಳೆ, ಆಣೆ ಮಾಡುತ್ತಾಳೆ, ಮನೆ ಬ್ಯಾಡ ಎನ್ನುತ್ತಾಳೆ, ಆಗ ಹಿಡಿಯಬಹುದು ಎಂದುಕೊಂಡಿದ್ದೆ, ಅವಳು ರೊಟ್ಟಿ ತಿರುವಿ ಹಾಕಿ, ಮನಿ ಬೇಕ್ರಿ ಅಕ್ಕಾರ ಎಂದಳು, ಮಳಿ ಬಂದ್ರ ಹಿಟ್ಟಿನ ಡಬ್ಬಿ ಎಲ್ಲಿಡ್ಲಿ ಅಂತ ಓಡ್ಯಾಡತೇನಿ, ಯಾಕ ಬ್ಯಾಡ ಅನ್ಲಿ, ಅವರೂ ಬೇಕು, ಮನೀನೂ ಬೇಕು. ಆಮೇಲೆ ನನ್ನ ಮುಖ ನೋಡದೆ, ಹಿಟ್ಟು ನಾದುತ್ತ, ನೀವೂ ಅಲ್ಲಿಗೆ ಬಂದಾಗ ಮನಿ ಬೇಕಾಗೇ ಬಂದಿದ್ರಲ್ರಿ. ಯಾರು ಹೇಳಿದರು ಇವಳಿಗೆ, ಕಲ್ಲೇಶನೇ, ಮಂಚದ ಕೆಳಗೆ ಟ್ರಂಕು ತಳ್ಳಿದ್ದನ್ನು ಹೇಳಿರುತ್ತಾನೆ, ಅವನಿಗೆ ನೆನಪಿದೆ, ಅವನಿಗೆ ಎಲ್ಲ ನೆನಪಿರುತ್ತದೆ, ಹೇಳಲು ಇಷ್ಟು ದಿನ ಯಾರೂ ಇರಲಿಲ್ಲ ಅಷ್ಟೆ. ಎದ್ದು ಬಂದೆ, ದಾರಿಯುದ್ದಕ್ಕೂ ಇವಳು ಗಟ್ಟಿಗಿತ್ತಿ, ಇವಳು ಅವನನ್ನು ನುಂಗುತ್ತಾಳೆ, ಒಪ್ಪಿಗೆ ಕೊಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ, ಅದು ಸುಳ್ಳೂ ಅಲ್ಲ, ನುಂಗಿದರೂ ನುಂಗಬಹುದು, ಯಾರಿಗೆ ಗೊತ್ತು.

ಉಣಕಲ್ ಕೆರೆ, ಬಿಸಿಲಿಗೆ ನೀರು ತಗಡಿನ ಹಾಗೆ ಹೊಳೆಯುತ್ತದೆ, ಕಲ್ಲೇಶ ಇದ್ದಿದ್ದರೆ ಎದ್ದು ನಿಲ್ಲುತ್ತಿದ್ದ, ಕೂಡು ಎಂದು ಅಂಗಿ ಹಿಡಿದು ಎಳೆಯುತ್ತಿದ್ದೆ. ಬೆಳಿಗ್ಗೆ ಹೋಗುವಾಗ ಅವನು ಏಳಲಿಲ್ಲ, ದುರ್ಗಾ ಹಿಂದಿನ ಸೀಟಿನಲ್ಲಿದ್ದಳು, ಕೆರೆ ಬಂದಾಗ ತಿರುಗಿ ಅವಳಿಗೆ ಬೆರಳಿನಿಂದ ತೋರಿಸಿದ. ಚೀಲದಲ್ಲಿ ಎರಡು ಕಾಗದ, ಯಾವುದನ್ನು ತೆಗೆಯಬೇಕೆಂದು ನಾನು ನಿನ್ನೆಯೇ ನಿಶ್ಚಯ ಮಾಡಿದ್ದೆ, ಒಪ್ಪಿಗೆ ಇಲ್ಲ ಎನ್ನುವುದನ್ನು ಮೇಲೆ ಇಟ್ಟುಕೊಂಡಿದ್ದೆ, ಹುಡುಕುವುದು ಬೇಡವೆಂದು. ವಕೀಲೆ ನಾಹಿದಾ ಚಿಕ್ಕ ವಯಸ್ಸಿನವಳು, ಹಳೆಯ ವಕೀಲರು ತೀರಿಕೊಂಡ ಮೇಲೆ ಟ್ರಸ್ಟಿನ ಕೆಲಸ ಅವಳ ಕಡೆ ಬಂದಿದೆ, ಕೋರ್ಟಿನ ಹಿಂದಿನ ಓಣಿಯಲ್ಲಿ ಮೇಲಿನ ಖೋಲಿ, ದುರ್ಗಾ ಹೊರಗೆ ಮರದ ಬಾಕಿನ ಮೇಲೆ ಕೂತಳು, ನಾನೂ ಕಲ್ಲೇಶನೂ ಒಳಗೆ. ಕಾಗದ ಕೊಟ್ಟೆ. ಸದರಿ ಕಲ್ಲೇಶನಿಗೆ ವ್ಯವಹಾರ ಜ್ಞಾನ ಇಲ್ಲದ್ದರಿಂದ, ಅವನ ಹಿತವನ್ನು ಲಕ್ಷಿಸಿ, ಎಂದು ಅವಳು ಗಟ್ಟಿಯಾಗಿ ಓದಿದಳು, ನನ್ನ ಸಹಿಯ ಜಾಗ ಖಾಲಿ ಇದ್ದದ್ದು ನೋಡಿ ಪೆನ್ನು ಮುಂದಿಟ್ಟಳು. ನೀವು ಬ್ಯಾಡ ಅಂದ್ರ ಬ್ಯಾಡ ಸಾವಕ್ಕಾರ, ಕಾಯದೆ ಪ್ರಕಾರ ಅಷ್ಟ ಸಾಕು, ಎಂದವಳು ನನ್ನನ್ನು ಬಿಟ್ಟು ಅವನ ಕಡೆ ತಿರುಗಿದಳು. ಅಣ್ಣಾರ, ನಿಮಗ ಲಗ್ನ ಯಾಕ ಬೇಕ್ರಿ? ಹನ್ನೊಂದು ವರ್ಷದಲ್ಲಿ ಯಾವ ಡಾಕ್ಟರೂ ಯಾವ ವಕೀಲರೂ ಅವನನ್ನು ನೇರ ಕೇಳಿದ್ದಿಲ್ಲ, ನನ್ನನ್ನು ಕೇಳುತ್ತಿದ್ದರು, ಇವರಿಗೆ ನಿದ್ದಿ ಬರ್ತೈತೇನ್ರಿ, ಇವರಿಗೆ ಸಿಟ್ಟು ಬರ್ತೈತೇನ್ರಿ. ಅವನು ಮೇಜಿನ ಅಂಚನ್ನೇ ನೋಡುತ್ತ ಬಹಳ ಹೊತ್ತು ಸುಮ್ಮನಿದ್ದ, ನಾಹಿದಾ ಕಾದಳು, ನಾನಾಗಿದ್ದರೆ ಕಾಯುತ್ತಿರಲಿಲ್ಲ, ಕೊನೆಗೆ ಅವನು, ದುರ್ಗಾ ನಸುಕಿನ್ಯಾಗ ನಾಕಕ್ಕ ಏಳತಾಳ್ರಿ ಎಂದ, ಒಬ್ಬಾಕಿನ ಒಲಿ ಹಚ್ಚತಾಳ, ಹೊಗಿ ಕುಡದು ಕೆಮ್ಮತಾಳ, ನಾ ಅಲ್ಲೇ ಇದ್ರ ಒಲಿ ನಾ ಹಚ್ಚತೇನ್ರಿ, ಆಕಿ ಐದಕ್ಕ ಏಳಬಹುದು. ಇದಕ್ಕಿಂತ ಉದ್ದನೆಯ ಮಾತು ಅವನ ಬಾಯಿಂದ ನಾನು ಕೇಳಿಲ್ಲ. ಅವಗ ಕಡ್ಡಿಪೆಟಗಿ ಕೈಯಾಗ ಕೊಡಂಗಿಲ್ರಿ ನಾವು ಎಂದೆ ನಾಹಿದಾಗೆ, ಸುಟ್ಟುಕೊಂಡಾನೆಂದು ಕಪಾಟಿನ ಮೇಲೆ ಇಡುತ್ತೇನೆ ಇವತ್ತಿಗೂ, ಹಚ್ಚೇನಿ ಎಂದ ಅವನು, ಚಟ್ಟಿ ಅಮಾಸಿಯಿಂದ ದಿನಾ ಸಂಜಿಕೆ ನಾನ ಹಚ್ಚೇನಿ, ಇನ್ನೂ ಏನೋ ಹೇಳಲು ಬಾಯಿ ತೆರೆದ, ಆಗ ನನ್ನ ಕೈ ತಾನಾಗಿಯೇ ಹೋಗಿ ಅವನ ಕೈಯ ಮೇಲೆ ಕೂತಿತು. ಬಂದವರ ಮುಂದೆ ಅವನು ತಡವರಿಸಿದಾಗಲೆಲ್ಲ ಇಡುತ್ತೇನೆ, ಮೆಲ್ಲಗೆ ಒತ್ತುತ್ತೇನೆ, ಸುಮ್ಮನಿರು ಎಂದು ಬಾಯಿಬಿಟ್ಟು ಹೇಳಬೇಕಿಲ್ಲ, ಅವನು ಸುಮ್ಮನಾಗುತ್ತಾನೆ, ಅದು ಪ್ರೀತಿ ಎಂದೇ ನಾನು ತಿಳಿದಿದ್ದೆ. ಅವನು ಮಾತು ನಿಲ್ಲಿಸಿ ನನ್ನ ಕೈಯನ್ನು ನೋಡಿದ. ಎರಡು ಬೆರಳಿನಿಂದ ಮಣಿಕಟ್ಟು ಹಿಡಿದು ಎತ್ತಿದ, ಸಿಟ್ಟಿಲ್ಲ, ಎಳೆತವಿಲ್ಲ, ತಂದು ನನ್ನ ತೊಡೆಯ ಮೇಲೆ ಇಟ್ಟ, ಇಟ್ಟು ಮೆಲ್ಲಗೆ ಒಮ್ಮೆ ಒತ್ತಿದ. ನಾ ಹೇಳಾಕತ್ತೇನಿ ಅಕ್ಕಾ, ಎಂದ.

ಆಮೇಲೆ ಅವನು ಏನು ಹೇಳಿದನೋ ನನಗೆ ಕೇಳಲಿಲ್ಲ, ನಾಹಿದಾ ತಲೆಯಾಡಿಸುತ್ತಿದ್ದಳು, ಕೆಳಗೆ ಓಣಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು, ನಾನು ನನ್ನ ಕೈಯನ್ನೇ ನೋಡುತ್ತಿದ್ದೆ, ಒಂದೇ ಬಳೆ, ಬೆರಳ ಗಂಟು ದಪ್ಪ, ಅವನು ಇಟ್ಟ ಕಡೆಯೇ ಇತ್ತು. ನ್ಯಾಯ ಕಂಡು ಮಾಡಿದೆ ಎಂದು ನಾಳೆ ಯಾರಿಗಾದರೂ ಹೇಳಿಕೊಂಡೇನು, ಅಲ್ಲ, ನಾಚಿಕೆ, ಬರೀ ನಾಚಿಕೆ, ಇಷ್ಟು ವರ್ಷ ಮುಚ್ಚಿದ್ದು ಅವನ ಬಾಯನ್ನು ಎಂದು ಒಬ್ಬ ಪರಕೀಯಳ ಎದುರಿಗೆ ಗೊತ್ತಾದ ನಾಚಿಕೆ. ಚೀಲ ತೆರೆದು ಅಡಿಯಲ್ಲಿದ್ದ ಕಾಗದ ತೆಗೆದೆ, ಒಪ್ಪಿಗೆ ಇದೆ ಎನ್ನುವುದು, ಅವನು ತೊಡೆಯ ಮೇಲಿಟ್ಟ ಕೈಯನ್ನೇ ಎತ್ತಿ ಸಹಿ ಮಾಡಬೇಕಾಯಿತು, ಬೇರೆ ಕೈಯಲ್ಲಿ ನನಗೆ ಬರೆಯಲು ಬರುವುದಿಲ್ಲ. ನಾಹಿದಾ ಎರಡೂ ಕಾಗದ ನೋಡಿ, ಮಾಸ್ತರರ ಸಹಿ ಎರಡರಲ್ಲೂ ಇದ್ದದ್ದು ಕಂಡು ಏನೂ ಕೇಳಲಿಲ್ಲ, ಸೋಮವಾರ ನೋಂದಣಿಗೆ ಅರ್ಜಿ ಹಾಕ್ತೇನ್ರಿ, ಅಲ್ಲಿ ತನಕ ಮನಸ್ಸು ಬ್ಯಾರೆ ಆದ್ರ ಫೋನ್ ಮಾಡ್ರಿ, ಎಂದು ಬೇಡವಾದದ್ದನ್ನು ನನಗೇ ತಿರುಗಿ ಕೊಟ್ಟಳು. ಇವತ್ತು ಶುಕ್ರವಾರ. ಮೂರು ದಿನ ಇದೆ. ಮೆಟ್ಟಿಲಿಳಿಯುವಾಗ ದುರ್ಗಾ ಹಿಂದಿನಿಂದ ಬಂದು ಕೇಳಿದಳು, ಓದಲು ಬಾರದವಳು, ಯಾರೋ ಹೇಳಿದ್ದಿರಬೇಕು, ನೀವು ಮನಿ ಬಿಡಬೇಕಂತ ಬರದೈತಂತ, ಖರೇ ಏನ್ರಿ. ಖರೆ ಎಂದೆ. ಅವಳು ಎರಡು ಮೆಟ್ಟಿಲು ಇಳಿದಳು. ನೀವಿದ್ರ ನನಗ ತ್ರಾಸ ಆಗ್ತೈತ್ರಿ ಅಕ್ಕಾರ, ಸುಳ್ಳ ಯಾಕ ಹೇಳ್ಲಿ, ಆದ್ರ ಹೋಗ್ರಿ ಅಂತ ನನ್ನ ಬಾಯಿಂದ ಬರಂಗಿಲ್ಲ. ಇರ್ರಿ ಎಂದೂ ಅನ್ನಲಿಲ್ಲ. ಇಬ್ಬರೂ ನನ್ನನ್ನು ಬಸ್ಸಿನ ತನಕ ಕಳಿಸಲು ಬಂದರು, ಪೇಟೆಯಲ್ಲಿ ರೊಟ್ಟಿ ಬೇಯಿಸುವ ಒಂದು ಹಂಚು ಕೊಳ್ಳಬೇಕಂತೆ, ದೊಡ್ಡದು. ಹೊಸೂರು ಬರುತ್ತಿದೆ, ಮೆಂತ್ಯದ ಹೆಂಗಸು ಎದ್ದು ಗಂಟು ಸರಿಮಾಡಿಕೊಳ್ಳುತ್ತಿದ್ದಾಳೆ. ಚೀಲದಿಂದ ಕಾಗದ ತೆಗೆದಿದ್ದೇನೆ, ಯಾವಾಗ ತೆಗೆದೆ, ನಾಲ್ಕು ಮಡಿಕೆಯನ್ನು ಬಿಡಿಸದೆ ಹರಿಯುತ್ತಿದ್ದೇನೆ, ದಪ್ಪ ಕಾಗದ, ಎರಡು ಸಲ ಜಗ್ಗಿದೆ, ಹರಿಯಿತು, ಇನ್ನೊಮ್ಮೆ, ಮಾಸ್ತರರ ಸಹಿ ನಡುವೆ ಸೀಳಿತು, ಏನ್ರಿ ಅದು, ಬೇಕಾದ್ದೇನೂ ಅಲ್ಲಲ್ಲ ಎಂದು ಹೆಂಗಸು ಕೇಳಿದಳು, ಅಲ್ರಿ ಎಂದೆ, ಚೂರುಗಳನ್ನು ಗಾಳಿಗೆ ಬಿಡದೆ ಚೀಲಕ್ಕೇ ಹಾಕಿದೆ. ಆಯಿತು. ಇನ್ನು ಫೋನ್ ಮಾಡುವುದಿಲ್ಲ. ಇನ್ನು ಎಲ್ಲಿ, ಉಪ್ಪಿನಬೆಟಗೇರಿಗೆ ಹೋಗುವುದಿಲ್ಲ, ಅದು ಮಾತ್ರ ಇಲ್ಲ, ಒಂದು ಖೋಲಿ ಬಾಡಿಗೆಗೆ ಸಿಗುತ್ತದೆ, ಹೊಲಿಗೆ ಬರುತ್ತದೆ, ನಲವತ್ತೊಂಬತ್ತಕ್ಕೆ ಹೊಲಿಗೆ ಹಿಡಿಯುವುದೆಂದರೆ, ಕಣ್ಣು, ಮೊಣಕಾಲು, ಇರಲಿ, ಅಥವಾ ಅವನೇ ಇರು ಎಂದರೆ, ಅಂದಾನು, ಅವನು ಸಂಜೆ ಬರುತ್ತಾನೆ, ಹಂಚು ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ, ಏನು ಕೇಳಲಿ, ಊಟ ಆಯಿತೇ ಎಂದು ಕೇಳಬೇಕು, ಕೇಳಿ ಅವನು ಉತ್ತರ ಹೇಳುವ ತನಕ ಕಾಯಬೇಕು, ನಾಹಿದಾ ಕಾದಳಲ್ಲ ಹಾಗೆ, ಎಷ್ಟು ಹೊತ್ತಾದರೂ, ಎದುರಿಗೆ ಕೂತು, ಕೈ ಕಟ್ಟಿಕೊಂಡು, ಕೈ — ನಿಲ್ದಾಣ ಬಂತು, ಎಲ್ಲರೂ ಎದ್ದರು, ಕಂಡಕ್ಟರ್ ಇಳೀರಿ ಅಮ್ಮಾರ ಎನ್ನುತ್ತಿದ್ದಾನೆ, ಏಳಬೇಕು, ಚೀಲ ಹಿಡಿಯಬೇಕು, ಹಿಡಿಯಲು ಕೈ ಎತ್ತಬೇಕು, ಅದು ತೊಡೆಯ ಮೇಲಿದೆ, ಅಂಗೈ ಕೆಳಗಾಗಿ, ಬೆರಳು ತುಸು ಬಿಚ್ಚಿ, ಅವನು ಎರಡು ಬೆರಳಿನಿಂದ ಎತ್ತಿ ತಂದು ಇಟ್ಟಲ್ಲೇ, ಮೆಲ್ಲಗೆ ಒಮ್ಮೆ ಒತ್ತಿ ಇಟ್ಟಲ್ಲೇ.